ಟೀವಿ ಸೌಂಡು ಇಳಿದ ಸಂಜೆ

ಸೀರಿಯಲ್ಲಿನ ಒಳ್ಳೆಯ ಸೊಸೆ ಹಾಕುವಂಥ ಬ್ಲೌಸು ಹೊಲಿದುಕೊಡಿ ಅಂತ ಇವತ್ತಿನವರೆಗೂ ನನ್ನ ಅಂಗಡಿಗೆ ಯಾರೂ ಬಂದಿಲ್ಲ. ಎಲ್ಲರಿಗೂ ಬೇಕಾಗಿರುವುದು ಆ ಮನೆಹಾಳಿ ನಾದಿನಿಯ ಬ್ಲೌಸು. ಬೆನ್ನಿನ ಮೇಲೆ ದಾರ, ದಾರದ ತುದಿಗೆ ಗೊಂಡೆ, ತೋಳಿಗೆ ಕನ್ನಡಿ ಕೆಲಸ. ಫೋನಿನಲ್ಲಿ ಅವಳ ಫೋಟೋ ತೋರಿಸಿ, "ಇದೇ ಥರ ಬೇಕು ಕಣಕ್ಕ, ಒಸಿನೂ ವ್ಯತ್ಯಾಸ ಆಗ್ಬಾರ್ದು" ಅನ್ನುತ್ತಾರೆ. ನಾನು ಟೇಪು ಹಿಡಿದು ಅಳತೆ ತೆಗೆಯುವಷ್ಟರಲ್ಲಿ ಅದೇ ಬಾಯಿಂದ ಅವಳಿಗೆ ಬೈಗುಳ ಶುರುವಾಗಿರುತ್ತದೆ. "ಅವ್ಳೂ ಒಂದ್ ಹೆಂಗ್ಸಾ? ಪಾಪ, ಆ ಹುಡ್ಗಿನ ಮನೆಯಿಂದ ಆಚೆಗ್ ಹಾಕ್ಬುಟ್ಲಲ್ಲ!" ಕೈ ಎತ್ತಿ ಅಂದರೆ ಎತ್ತುತ್ತಾರೆ, ತಿರುಗಿ ಅಂದರೆ ತಿರುಗುತ್ತಾರೆ, ಬಾಯಿ ಮಾತ್ರ ನಿಲ್ಲುವುದಿಲ್ಲ.

ಅಂಗಡಿ ಇರುವುದು ರಾಮನಗರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ. ಇಸ್ತ್ರಿ ಮೇಜಿನ ಮೇಲುಗಡೆ ಗೋಡೆಗೆ ಒಂದು ಟೀವಿ ಇದೆ. ಅದನ್ನು ನನಗಾಗಿ ಇಟ್ಟುಕೊಂಡಿಲ್ಲ. ಟೀವಿ ಇಲ್ಲದಿದ್ದರೆ, ಹುಕ್ಕು ಹಾಕುವ ತನಕ ಕಾಯಬೇಕಾದವರು ಎದುರುಗಡೆ ಅಂಗಡಿಗೆ ಎದ್ದು ಹೋಗುತ್ತಾರೆ. ಹಾಗಾಗಿ ಬೆಳಗ್ಗೆ ಹಳೇ ಸಿನಿಮಾ, ಮಧ್ಯಾಹ್ನ ಹಿಂದಿನ ದಿನದ್ದರ ರಿಪೀಟು, ಸಂಜೆ ಸೀರಿಯಲ್ಲು. ಪಕ್ಕದ ಟೀ ಅಂಗಡಿಯ ಗಂಡಸರೂ ಲೋಟ ಹಿಡಿದುಕೊಂಡು ಬಾಗಿಲಲ್ಲಿ ನಿಲ್ಲುತ್ತಾರೆ. "ಸೆಕೆಂಡ್ ಹಾಫ್ ಎಳ್ದವ್ನೆ ಕಣ್ಲಾ", "ಫೈಟು ಚೆನ್ನಾಗೈತೆ, ಹೀರೋಯಿನ್ ದಂಡ" ಅಂತ ತೀರ್ಪು ಕೊಟ್ಟು ಲೋಟ ವಾಪಸು ಇಟ್ಟು ಹೋಗುತ್ತಾರೆ. ಮೊನ್ನೆ ಒಬ್ಬ, ಸಿನಿಮಾದಲ್ಲಿ ಹೀರೋನ ತಂಗಿ ಸಾಯುವಾಗ ಕಣ್ಣೊರೆಸಿಕೊಂಡ. ಅವನು ಸ್ವಂತ ತಂಗಿಯ ಪಾಲಿನ ತೋಟಕ್ಕೆ ತಂತಿ ಬೇಲಿ ಹಾಕಿಸಿ, ಅವಳನ್ನು ಕೋರ್ಟಿಗೆ ಅಲೆದಾಡಿಸುತ್ತಿರುವುದು ಬೀದಿಗೆಲ್ಲ ಗೊತ್ತು.

ಟೀವಿ ಮುಂದೆ ಕೂತಾಗ ನಮ್ಮ ಕಡೆ ಕೆಟ್ಟವರು ಅಂತ ಒಬ್ಬರೂ ಸಿಗುವುದಿಲ್ಲ. ಎಲ್ಲರಿಗೂ ನ್ಯಾಯ ಗೊತ್ತು, ಎಲ್ಲರ ಕರುಳೂ ಚುರುಕ್ ಅನ್ನುತ್ತದೆ. ಅದನ್ನು ಕೇಳಿಸಿಕೊಂಡಾಗ ನನಗೆ ಮೈಯೆಲ್ಲ ಉರಿಯುತ್ತದೆ. ಯಾಕೆ ಅಂತ ಹೇಳಬೇಕಾದರೆ ನನ್ನ ಅವ್ವನ ವಿಷಯ ಹೇಳಬೇಕು.

ನನ್ನ ತವರು ಚನ್ನಪಟ್ಟಣದ ಹತ್ತಿರದ ಹೊಂಗನೂರು. ರೇಷ್ಮೆ ಬೆಳೆಯುವ ಮನೆ. ಅಪ್ಪ, ಅವ್ವ, ನಾನು, ನನಗಿಂತ ಚಿಕ್ಕವನಾದ ತಮ್ಮ, ಇಷ್ಟೇ ಜನ. ಹುಳಮನೆ ಹಿತ್ತಲಲ್ಲಿ, ಟೀವಿ ನಡುಮನೆಯಲ್ಲಿ. ಸಂಜೆ ಹುಳಕ್ಕೆ ಸೊಪ್ಪು ಹಾಕಿ ಕೈಕಾಲು ತೊಳೆದು ಅವ್ವ ಟೀವಿ ಮುಂದೆ ಕಾಲು ಚಾಚಿ ಕೂತಳು ಅಂದರೆ ನಮ್ಮ ಮನೆಯ ಪಂಚಾಯ್ತಿ ಶುರುವಾಯಿತು ಅಂತ ಅರ್ಥ. ನಮ್ಮಲ್ಲಿ ಯಾರಿಗೂ ಮುಖ ಕೊಟ್ಟು ಏನನ್ನೂ ಹೇಳುವ ರೂಢಿಯಿಲ್ಲ. ಹೇಳಬೇಕಾದ್ದನ್ನೆಲ್ಲ ಸೀರಿಯಲ್ಲಿನವರಿಗೆ ಹೇಳುವುದು. ಅದಕ್ಕೊಂದು ಗುರುತಿತ್ತು. ಸುಮ್ಮನೆ ಬಾಯಿ ಚಪಲಕ್ಕೆ ಬೈಯುವಾಗ ಅವ್ವ ಟೀವಿಯ ಸದ್ದಿನ ಮೇಲೆಯೇ ಕೂಗಾಡುತ್ತಿದ್ದಳು. ಮಾತು ಮನೆಯವರಿಗೆ ಮುಟ್ಟಬೇಕು ಅಂತಿದ್ದರೆ ಮೊದಲು ರಿಮೋಟು ತೆಗೆದುಕೊಂಡು ಸೌಂಡು ಇಳಿಸುತ್ತಿದ್ದಳು. ಆಮೇಲೆ ಪರದೆಯಿಂದ ಕಣ್ಣು ತೆಗೆಯದೆ ಹೇಳುತ್ತಿದ್ದಳು. ಸೌಂಡು ಇಳಿದ ತಕ್ಷಣ, ಇವತ್ತು ಯಾರ ಸರದಿಯೋ ಅಂತ ನಾವು ಮೂವರೂ ಕಿವಿ ನಿಮಿರಿಸುತ್ತಿದ್ದೆವು.

ನಾನು ಚನ್ನಪಟ್ಟಣದ ಕಾಲೇಜಿನಿಂದ ಕೊನೆಯ ಬಸ್ಸಿಗೆ ಬರತೊಡಗಿದಾಗ ಸೌಂಡು ಇಳಿಯಿತು. "ಈ ಹುಡ್ಗಿ ಹೊತ್ ಮುಳುಗಿದ್ ಮ್ಯಾಲೆ ಮನೆಗ್ ಬತ್ತಾಳಲ್ಲ, ಇವ್ಳ ಅವ್ವ ಏನ್ ಮಣ್ ತಿಂತಾವ್ಳಾ?" ಮಾರನೆಯ ದಿನದಿಂದ ನಾನು ಮುಂಚಿನ ಬಸ್ಸಿಗೆ ಬಂದೆ. ಅಪ್ಪ ರೇಷ್ಮೆ ಗೂಡು ಮಾರಿದ ದಿನ ಕುಡಿದು ಬರುವುದು ಹೆಚ್ಚಾದಾಗ ಸೀರಿಯಲ್ಲಿನ ಯಾವನೋ ಕುಡುಕ ಮಾವನಿಗೆ ಮಂಗಳಾರತಿಯಾಯಿತು. ಅಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹುಳಮನೆಗೆ ಎದ್ದುಹೋದ. ನನ್ನ ಮದುವೆ ನಿಶ್ಚಯವಾದದ್ದೂ ಹೀಗೆಯೇ. "ಅಂಗ್ಡಿ ಐತೆ, ಸ್ವಂತ ಮನೆ ಐತೆ, ಒಬ್ನೇ ಮಗ. ಇಂಥ ಗಂಡ್ನ ಯಾವ್ ಹುಡ್ಗಿ ಬ್ಯಾಡ ಅಂತಾಳೆ?" ಅಂತ ಅವ್ವ ಸೌಂಡು ಇಳಿಸಿ ಟೀವಿಯನ್ನು ಕೇಳಿದಳು. ಪರದೆಯ ಮೇಲೆ ಆಗ ಇದ್ದದ್ದು ಕೆಮ್ಮುತ್ತ ಮಲಗಿದ್ದ ಒಬ್ಬಳು ಅಜ್ಜಿ, ಯಾವ ಮದುವೆ ಗಂಡೂ ಅಲ್ಲ. ನಾನೂ ಟೀವಿಗೇ ಉತ್ತರ ಕೊಟ್ಟೆ. "ಒಪ್ಕಂಡ್ರೆ ಒಪ್ಕಳ್ಳಿ ಬುಡು." ಅವ್ವ ಮತ್ತೆ ಸೌಂಡು ಏರಿಸಿದಳು. ಸೌಂಡು ಏರಿತು ಅಂದರೆ ಮಾತು ಮುಗಿಯಿತು, ಇನ್ನು ಅದರ ಮೇಲೆ ಚರ್ಚೆ ಇಲ್ಲ ಅಂತ.

ಕೇಳಿದವರಿಗೆ ನಗು ಬರಬಹುದು. ಆಗ ನಮಗೂ ಬರುತ್ತಿತ್ತು.

ಗಂಡನ ಮನೆ ಮಾಗಡಿ. ಮೋಟರ್ ಪಂಪು, ಪೈಪು ಮಾರುವ ಅಂಗಡಿ ಅವನದು. ಅಡುಗೆಮನೆಯ ಕಿಟಕಿಯಿಂದ ದೂರಕ್ಕೆ ಸಾವನದುರ್ಗ ಕಾಣುತ್ತಿತ್ತು. ಭಾನುವಾರ ಬಂತೆಂದರೆ ಬೆನ್ನಿಗೆ ಚೀಲ ಹಾಕಿಕೊಂಡ ಹುಡುಗ ಹುಡುಗಿಯರು ನಮ್ಮ ಬೀದಿಯಲ್ಲಿ ಬೈಕು ನಿಲ್ಲಿಸಿ, ಬೆಟ್ಟಕ್ಕೆ ದಾರಿ ಕೇಳಿಕೊಂಡು ನಗುತ್ತ ಹೋಗುತ್ತಿದ್ದರು. ನಾನು ಪಾತ್ರೆ ತೊಳೆಯುತ್ತ ನೋಡುತ್ತಿದ್ದೆ. ಮದುವೆಯ ಸೀರೆಗಳ ಮಡಿಕೆ ಬಿಚ್ಚುವ ಮೊದಲೇ ಅವನು ನನ್ನ ಮೇಲೆ ಕೈ ಮಾಡತೊಡಗಿದ್ದ. ಸಾರಿಗೆ ಉಪ್ಪು ಕಡಿಮೆ, ಫೋನ್ ಎತ್ತಲು ತಡ, ಅಂಗಡಿಯಲ್ಲಿ ಯಾರೋ ಗಿರಾಕಿ ರೇಗಿದ್ದು, ಹೀಗೆ ಕಾರಣ ಯಾವುದಾದರೂ ನಡೆಯುತ್ತಿತ್ತು.

ಆ ಮನೆಯಲ್ಲೂ ಅದೇ ಸೀರಿಯಲ್ಲು. ಅತ್ತೆ ತಪ್ಪದೆ ನೋಡುತ್ತಿದ್ದರು, ಅಂಗಡಿ ಬೇಗ ಮುಚ್ಚಿದ ದಿನ ಅವನೂ ಜೊತೆಗೆ ಕೂರುತ್ತಿದ್ದ. ಸೀರಿಯಲ್ಲಿನ ಗಂಡ ಹೆಂಡತಿಯ ಕೆನ್ನೆಗೆ ಬಾರಿಸಿದ ದಿನ ಇವನು ಸೋಫಾದಿಂದ ಎದ್ದೇ ನಿಂತ. "ಇವ್ನೂ ಒಬ್ಬ ಗಂಡ್ಸಾ? ಹೆಣ್ ಹೆಂಗ್ಸಿನ್ ಮ್ಯಾಲೆ ಕೈ ಮಾಡ್ತಾನಲ್ಲ, ಥೂ!" ಅಂದ. ನನ್ನ ಕಿವಿಯಾರೆ ಕೇಳಿದ್ದೇನೆ. ಅತ್ತೆ, "ಪಾಪ, ಆ ಮಗಿನ್ ಮಖ ನೋಡಕ್ಕಾಯ್ತಿಲ್ಲ" ಅಂತ ಸೆರಗಿನಿಂದ ಮೂಗು ಒರೆಸಿಕೊಂಡರು. ನಾನು ಅಡುಗೆಮನೆಯ ಬಾಗಿಲಲ್ಲಿ, ತುಟಿಯ ಬಾವು ಇಳಿಯಲಿ ಅಂತ ತಣ್ಣೀರಿನ ಲೋಟ ಒತ್ತಿಕೊಂಡು ನಿಂತಿದ್ದೆ. ಇಬ್ಬರಿಗೂ ನಾನು ಕಾಣಿಸುತ್ತಿದ್ದೆ. ಬ್ರೇಕ್ ಬಂದಾಗ ಅವನು ಕಾಫಿ ಕೇಳಿದ.

ಸೀರಿಯಲ್ಲು ಶುರುವಾಗುವ ಹೊತ್ತಿಗೆ ಅವ್ವ ದಿನಾ ಫೋನ್ ಮಾಡುತ್ತಿದ್ದಳು. ಅವಳು ಹೊಂಗನೂರಿನಲ್ಲಿ ಟೀವಿ ಸ್ಟ್ಯಾಂಡಿನ ಮೇಲೆ ಫೋನ್ ಇಟ್ಟುಕೊಳ್ಳುವುದು, ನಾನು ಮಾಗಡಿಯಲ್ಲಿ ಭುಜಕ್ಕೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ರಾತ್ರಿ ಅಡುಗೆಗೆ ಕೈಹಚ್ಚುವುದು, ಇಬ್ಬರೂ ಒಟ್ಟಿಗೆ ನೋಡುವುದು. ಅಡುಗೆಮನೆ ಬಾಗಿಲಿನಿಂದ ಟೀವಿ ಅರ್ಧ ಕಾಣುತ್ತಿತ್ತು, ಅಷ್ಟು ಸಾಕಾಗುತ್ತಿತ್ತು. ತವರಿನ ಜೊತೆ ಬೇರೆ ಹೊತ್ತಿನಲ್ಲಿ ಮಾತಾಡಿದರೆ ಅತ್ತೆಗೆ ಆಗುತ್ತಿರಲಿಲ್ಲ. ಸೀರಿಯಲ್ ಮಾತಿಗೆ ಮಾತ್ರ ಅಡ್ಡಿಯಿಲ್ಲ. "ಅವ್ಳು", "ಅವಳ್ ಗಂಡ" ಅನ್ನುವುದಷ್ಟೇ ಕಿವಿಗೆ ಬಿದ್ದರೆ ಅವರಿಗೆ ಸಮಾಧಾನ. ನನಗೆ ತವರಿನಲ್ಲಿ ಕಲಿತ ವಿದ್ಯೆ ಉಪಯೋಗಕ್ಕೆ ಬಂತು.

"ನೋಡ್ದಾ ಅವ್ವ, ಅವ್ಳಿಗೆ ಎಡಗಿವಿ ಇವತ್ತು ಸರ್ಯಾಗ್ ಕೇಳಿಸ್ತಿಲ್ಲ" ಅಂದೆ ಒಂದು ದಿನ. ಸೀರಿಯಲ್ಲಿನ ಹುಡುಗಿಯ ಕಿವಿ ನೆಟ್ಟಗಿತ್ತು. "ಹೂಂ ಕಣವ್ವ, ನೋಡ್ದೆ" ಅಂದಳು ಅವ್ವ. ಇನ್ನೊಂದು ದಿನ, "ಮೊಣಕೈ ಸುಟ್ಟೈತೆ ಕಣವ್ವ ಅವ್ಳಿಗೆ" ಅಂದೆ. ಸೀರಿಯಲ್ಲಿನಲ್ಲಿ ಅವತ್ತು ಗೊಂಬೆ ಕೂರಿಸಿ ಎಲ್ಲರೂ ಹಾಡುತ್ತಿದ್ದರು. "ಅಯ್ಯೋ ಪಾಪ, ಒಸಿ ಅರಿಶ್ನ ಹಚ್ಕಳ್ಳಿ" ಅಂದಳು. ಸೀರಿಯಲ್ಲಿನಲ್ಲಿ ಇಲ್ಲದ ಗಾಯಕ್ಕೆ ಅರಿಶಿನ ಹೇಳಿದಳಲ್ಲ, ಇವಳಿಗೆ ಎಲ್ಲ ತಿಳಿದಿದೆ ಅಂತ ನಾನು ನಂಬಿದೆ. ನಂಬದೆ ಇನ್ನೇನು ಮಾಡಲಿ? ಆ ನಂಬಿಕೆಯ ಮೇಲೆಯೇ ದಿನ ದೂಡುತ್ತಿದ್ದೆ.

ಆಮೇಲೆ ಆ ಸಂಜೆ ಬಂತು. ಸೀರಿಯಲ್ಲಿನ ಹುಡುಗಿಯನ್ನು ಗಂಡ ಕೋಣೆಯಲ್ಲಿ ಕೂಡಿಹಾಕಿದ್ದ. ನಾನು ಚಪಾತಿ ಹಿಟ್ಟು ಕಲಸುತ್ತಿದ್ದೆ. ಫೋನಿನ ಆ ಕಡೆ ಹೊಂಗನೂರಿನ ಟೀವಿಯ ಸೌಂಡು ಪಕ್ಕನೆ ಇಳಿಯಿತು. ಮದುವೆಯಾದ ಮೇಲೆ ಅದು ಇಳಿದದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನ್ನ ಕೈ ಹಿಟ್ಟಿನಲ್ಲೇ ನಿಂತಿತು. ಅವ್ವ ಅಂದಳು: "ಇನ್ನೂ ಯಾಕೇ ಅಲ್ಲೇ ಬಿದ್ದಿದ್ದೀಯ? ಎದ್ ಬಾರೇ. ನಿನ್ನ್ ಹೆತ್ತೋಳು ಸತ್ತೋಗವ್ಳಾ? ತವರ್ ಮನೇಲಿ ಒಂದ್ ಮುದ್ದೆ ಹಿಟ್ಟು ಹುಟ್ಟಲ್ವಾ ನಿಂಗೆ?"

ಅತ್ತೆಗೆ ಕಾಣದ ಹಾಗೆ ಗೋಡೆಗೆ ತಿರುಗಿ ಅತ್ತುಬಿಟ್ಟೆ. ಅತ್ತದ್ದು ಸಂತೋಷಕ್ಕೆ, ಅದನ್ನು ಹೇಳಿಕೊಳ್ಳಲು ನನಗೆ ಈಗಲೂ ನಾಚಿಕೆಯಾಗುತ್ತದೆ. ಮಾರನೆಯ ಬೆಳಗ್ಗೆ ಅವನು ಅಂಗಡಿಗೆ ಹೋದ ಮೇಲೆ, ಅತ್ತೆ ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ ಬ್ಯಾಗು ಹಿಡಿದು ಹೊರಟೆ. ಮಾಗಡಿಯಿಂದ ರಾಮನಗರ, ಅಲ್ಲಿಂದ ಚನ್ನಪಟ್ಟಣ, ಅಲ್ಲಿಂದ ಹೊಂಗನೂರು. ದಾರಿಯುದ್ದಕ್ಕೂ ಕಿಟಕಿ ಪಕ್ಕ ಕೂತು ಚಿಕ್ಕ ಹುಡುಗಿಯಂತೆ ಆಚೆ ನೋಡಿದೆ.

ನಾನು ಹೋದಾಗ ಹುಳಗಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಎದ್ದಿದ್ದವು. ಜ್ವರದಿಂದ ಎದ್ದ ಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಅವ್ವ ಸೊಪ್ಪಿನ ಹೊರೆ ಬಿಚ್ಚುತ್ತಿದ್ದವಳು ನನ್ನನ್ನು ನೋಡಿದಳು, ಆಮೇಲೆ ಬ್ಯಾಗು ನೋಡಿದಳು, ಆಮೇಲೆ ನನ್ನ ಬೆನ್ನ ಹಿಂದೆ ನೋಡಿದಳು.

"ಅಳಿಮಯ್ಯ ಎಲ್ಲವ್ವ?"

"ನೀನೇ ಬಾ ಅಂದ್ಯಲ್ಲ, ಬಂದೆ."

"ನಾನ್ಯಾವಾಗ್ಲೇ ಕರುದ್ನೇ ನಿನ್ನ?"

ನಿನ್ನೆ ಸಂಜೆಯದನ್ನು ಹೇಳಿದೆ. ಅವ್ವ ಹಣೆ ಹಣೆ ಚಚ್ಚಿಕೊಂಡಳು. "ಅದು ಸೀರಿಯಲ್ ಹುಡ್ಗಿಗ್ ಅಂದಿದ್ ಕಣೇ!"

"ಸೌಂಡ್ ಇಳ್ಸಿದ್ಯಲ್ಲ?"

"ಇಳ್ಸಿದ್ದು ನಾನಲ್ಲ, ನಿಮ್ಮಪ್ಪ. ಕನಕಪುರದಿಂದ ಫೋನ್ ಬಂದಿತ್ತು, ಕೇಳುಸ್ತಿಲ್ಲ ಅಂತ ಇಳ್ಸುದ್ರು."

ಕನಕಪುರದ ಫೋನು ತಮ್ಮನಿಗೆ ಹೆಣ್ಣು ಕೊಡುವವರದು. ಸಂಬಂಧದ ಮೊದಲ ಮಾತು ಅದೇ ಸಂಜೆ ಬಂದಿತ್ತು. ಅಪ್ಪ ಬೀಗರ ಜೊತೆ ಮಾತಾಡಲು ಸೌಂಡು ಇಳಿಸಿದ್ದಾನೆ, ಅವ್ವ ಅದರ ಪರಿವೆಯಿಲ್ಲದೆ ಎಂದಿನ ಹಾಗೆ ಸೀರಿಯಲ್ಲಿಗೆ ಬೈದಿದ್ದಾಳೆ, ನಾನು ಮಾಗಡಿಯಲ್ಲಿ ಬಟ್ಟೆ ಮಡಚಿ ಬ್ಯಾಗಿಗೆ ತುಂಬಿದ್ದೇನೆ. ಕೈಯಲ್ಲಿದ್ದ ಬ್ಯಾಗು ಕೆಳಗಿಟ್ಟೆ.

"ಮತ್ತೆ ಕಿವಿ? ಮೊಣಕೈ ಸುಟ್ಟಿದ್ದು? ಅವೆಲ್ಲ ಸೀರಿಯಲ್ನಾಗ್ ಇದ್ವಾ ಅವ್ವ?"

"ಹುಳುಕ್ ಸೊಪ್ ಹಾಕಕ್ಕೆ ನಡುನಡುವೆ ಎದ್ದೋಯ್ತಿದ್ದೆ. ಅವಾಗ್ ಬಂದಿರ್ಬೇಕು ಅಂದ್ಕಂಡೆ."

ನಾನು ತೋಳು ಮೇಲೆತ್ತಿ ಮೊಣಕೈ ತೋರಿಸಿದೆ. ಅವ್ವ ನೋಡಿದಳು. ನೋಡಿ, ಮೊದಲು ಹೋಗಿ ಬೀದಿ ಬಾಗಿಲು ಹಾಕಿಕೊಂಡು ಬಂದಳು. ಆಮೇಲೆ ನನ್ನ ಮುಂದೆ ನಿಂತು ಅಂದಳು: "ತಮ್ಮುಂಗೆ ಸಂಬಂಧ ಕುದುರೋ ಹೊತ್ನಲ್ಲಿ ನೀನ್ ಹಿಂಗ್ ಬಂದ್ ಕೂತ್ಕಂಡ್ರೆ ಯಾರವ್ವ ಹೆಣ್ ಕೊಡ್ತಾರೆ?" ನಾನು ಹುಟ್ಟಿದಾಗಿನಿಂದ ಅವ್ವ ತನ್ನ ಮನಸ್ಸಿನಲ್ಲಿದ್ದದ್ದನ್ನು ನನ್ನ ಮುಖ ನೋಡಿ ನೇರವಾಗಿ ಹೇಳಿದ್ದು ಅದೇ ಮೊದಲು.

ಅವತ್ತು ಸಂಜೆಯೂ ಸೀರಿಯಲ್ಲು ಹಾಕಿದರು. ನಾನು ಬ್ಯಾಗಿನ ಜಿಪ್ಪು ಕೂಡ ಎಳೆಯದೆ ಗೋಡೆಗೆ ಒರಗಿ ಕೂತಿದ್ದೆ. ಕೂಡಿಹಾಕಿದ್ದ ಹುಡುಗಿ ಕಿಟಕಿ ಮುರಿದು ಆಚೆ ಬಂದು ತವರಿನ ದಾರಿ ಹಿಡಿದಳು. ಅವ್ವ ಚಪ್ಪಾಳೆ ತಟ್ಟಿದಳು. "ಒಳ್ಳೇ ಕೆಲ್ಸ ಮಾಡ್ದೆ ಕಣವ್ವ! ಹೋಗು, ತಿರ್ಗಿ ನೋಡ್ಬ್ಯಾಡ!" ಸೌಂಡು ಪೂರ್ತಿ ಜೋರಾಗಿತ್ತು, ಆದ್ದರಿಂದ ಆ ಮಾತು ನನಗಲ್ಲ. ತಮ್ಮ ಒಂದು ಸಲ ನನ್ನ ಕಡೆ ನೋಡಿ ಮತ್ತೆ ಫೋನಿಗೆ ತಲೆ ಹಾಕಿದ. ಅವರನ್ನೆಲ್ಲ ನಾನು ಆ ಹೊತ್ತು ದ್ವೇಷಿಸಿದಷ್ಟು ಮಾಗಡಿಯವರನ್ನೂ ದ್ವೇಷಿಸಿಲ್ಲ.

ಬೆಳಗ್ಗೆ ಅಪ್ಪ ಬ್ಯಾಗು ಹೊತ್ತು ಬಸ್ಸಿನವರೆಗೆ ಬಂದ. "ಒಸಿ ಸುಧಾರಿಸ್ಕಂಡ್ ಹೋಗವ್ವ" ಅಂದ, ಯಾರನ್ನು ಸುಧಾರಿಸಬೇಕು ಅಂತ ಹೇಳಲಿಲ್ಲ. ರಾಮನಗರದಲ್ಲಿ ಇಳಿದಾಗ ಮಾಗಡಿ ಬಸ್ಸು ಎಂಜಿನ್ ಹಚ್ಚಿಕೊಂಡು ನಿಂತಿತ್ತು. ಕಂಡಕ್ಟರು ಮಾಗಡಿ ಮಾಗಡಿ ಅಂತ ನನ್ನ ಮುಖಕ್ಕೇ ಕೂಗಿದ. ನಾನು ಹತ್ತಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದೆ, ಮದುವೆಗೆ ಮುಂಚೆ ನನಗೆ ಹೊಲಿಗೆ ಕಲಿಸಿದ್ದ ಟೈಲರ್ ಅಕ್ಕನ ಅಂಗಡಿಯಿತ್ತು. ಅಲ್ಲಿಗೆ ನಡೆದು ಹೋಗಿ ಬ್ಯಾಗು ಇಳಿಸಿದೆ. ಅಕ್ಕ ಏನೂ ಕೇಳದೆ ಕಾಜಾ ಹಾಕಲು ಒಂದು ರಾಶಿ ಬ್ಲೌಸು ನನ್ನ ಮುಂದೆ ತಳ್ಳಿದರು. ಈಗ ಅವರಿಗೆ ಕಣ್ಣು ಮಂಜಾಗಿ ಮನೆಯಲ್ಲೇ ಇರುತ್ತಾರೆ, ಅಂಗಡಿ ನಾನು ನೋಡಿಕೊಳ್ಳುತ್ತೇನೆ.

ನಾನು ಬಂದ ಹೊಸತರಲ್ಲಿ ಗಂಡ ಒಂದೆರಡು ಸಲ ಬಂದು ಬೀದಿಯಲ್ಲಿ ನಿಂತು ಬಾಯಿಗೆ ಬಂದಂತೆ ಕೂಗಾಡಿದ. ಒಮ್ಮೆ ಒಳಗೆ ನುಗ್ಗಿ ನನ್ನ ಜಡೆಗೂ ಕೈ ಹಾಕಿದ. ಅಕ್ಕ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಹಿಡಿದುಕೊಂಡೇ ಎದ್ದ ಮೇಲೆ ಬಿಟ್ಟು ಹೋದ, ಮತ್ತೆ ಬರಲಿಲ್ಲ. ಟೀ ಅಂಗಡಿಯ ಗಂಡಸರು ಲೋಟ ಹಿ‌ಡಿದುಕೊಂಡು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದರು. ಅವತ್ತು ಮಾತ್ರ ಯಾರೂ ತೀರ್ಪು ಕೊಡಲಿಲ್ಲ.

ಹೋದ ತಿಂಗಳು ಅವ್ವ ಬಂದಿದ್ದಳು. ಅಷ್ಟು ದಿನವೂ ನಾನು ಅವಳ ಫೋನ್ ಎತ್ತಿರಲಿಲ್ಲ. ಎಷ್ಟೋ ದಿನ ಎಳೆದಾಡಿದ ಕನಕಪುರದ ಸಂಬಂಧ ಕೊನೆಗೂ ಕೂಡಿ ಬಂದಿದೆ, ತಮ್ಮನ ಮದುವೆ. ಚೀಲದಿಂದ ರೇಷ್ಮೆ ಸೀರೆಯ ಬ್ಲೌಸು ಪೀಸು ತೆಗೆದು ಕೊಟ್ಟಳು. ಅಂಗಡಿಯಲ್ಲಿ ಇನ್ನೂ ಮೂವರು ಹೆಂಗಸರು ಕಾಯುತ್ತ ಕೂತಿದ್ದರು. ನಾನು ಅಳತೆಗೆ ಅವ್ವನನ್ನು ಟೀವಿಯ ಎದುರಿಗೆ ನಿಲ್ಲಿಸಿಕೊಂಡೆ. ಮೈ ಇಳಿದುಹೋಗಿತ್ತು. ಅವಳ ಹೆಗಲ ಮೂಳೆ ಕೈಗೆ ಸಿಕ್ಕಿತು.

ಟೇಪು ಅವಳ ಬೆನ್ನ ಮೇಲಿರುವಾಗ ಪಿಸುಮಾತಿನಲ್ಲಿ ಅಂದಳು: "ಬೀಗ್ರು ಕೇಳುದ್ರು ಕಣವ್ವ. ನೀನ್ ಮಾಗ್ಡೀಲೇ ಇದ್ದೀಯ ಅಂತ ಹೇಳ್ಬುಟ್ಟೀವಿ. ಮದ್ವೆ ದಿವ್ಸ ಒಂದ್ ಹೊತ್ತು ಅಳಿಮಯ್ಯನ್ ಪಕ್ಕ ನಿಂತ್ಕಂಡ್ಬುಡು. ಫೋಟೋ ತಗುಸ್ಕಂಡು ಆಮ್ಯಾಕೆ ಎಲ್ಲಿಗಾದ್ರೂ ಹೋಗು."

"ಅವ್ನ್ ಜೊತೆ ಆದ್ರೆ ಮಾತ್ರ ಬರ್ಬೇಕಾ?" ಅಂದೆ. ಅವ್ವ ಕೇಳಿಸದವಳಂತೆ ಟೀವಿ ನೋಡತೊಡಗಿದಳು.

ಟೀವಿಯಲ್ಲಿ ಹೊಸದೊಂದು ಸೀರಿಯಲ್ಲು. ಅದರಲ್ಲೊಬ್ಬಳು ತಾಯಿ, ಗಂಡನನ್ನು ಬಿಟ್ಟು ಬಂದ ಮಗಳ ಪೆಟ್ಟಿಗೆಯನ್ನು ಬಾಗಿಲಿನಿಂದಾಚೆ ಎಸೆದಳು. ಅವ್ವ ಮೈಮೇಲೆ ದೇವರು ಬಂದವಳಂತಾದಳು. "ಇವ್ಳೂ ಒಬ್ಳು ತಾಯಾ? ಹೆತ್ತ್ ಮಗ್ಳನ್ನ ಬಾಗ್ಲಿಂದ ಆಚೆಗ್ ಹಾಕ್ತಾಳಲ್ಲ, ಇವ್ಳ್ ಹೊಟ್ಟೆಗ್ ಬೆಂಕಿ ಬೀಳ!" ಕಣ್ಣಲ್ಲಿ ನೀರೂ ಬಂತು. ಕಾಯುತ್ತ ಕೂತವರೆಲ್ಲ, "ನಿಜ ಕಣಮ್ಮ, ಇಂಥೋರೂ ಇರ್ತಾರೆ ನೋಡಿ" ಅಂತ ದನಿಗೂಡಿಸಿದರು. ನಾನು ಟೇಪು ಹಿಡಿದವಳು ಹಾಗೇ ನಿಂತೆ. ರಿಮೋಟು ಅವ್ವನ ಕೈಗೆ ಎಟಕುವಂತೆ ಇಸ್ತ್ರಿ ಮೇಜಿನ ಮೇಲಿತ್ತು. ಅವಳು ಅದನ್ನು ತೆಗೆದುಕೊಂಡು ಸೌಂಡು ಇಳಿಸಲಿ, ಆಮೇಲೆ ಅದೇ ಮಾತನ್ನು ಇನ್ನೊಂದು ಸಲ ಹೇಳಲಿ ಅಂತ ಕಾದೆ. ಹೇಳಿದ್ದರೆ ಅಲ್ಲೇ ಎಲ್ಲವನ್ನೂ ಮರೆತುಬಿಡುತ್ತಿದ್ದೆ. ಅವಳ ಕೈ ಕಣ್ಣೊರೆಸಿಕೊಳ್ಳುವುದಕ್ಕೆ ಹೋಯಿತು, ರಿಮೋಟಿಗೆ ಹೋಗಲಿಲ್ಲ.

ಬ್ರೇಕ್ ಬಂತು. ನಾನೇ ರಿಮೋಟು ತೆಗೆದುಕೊಂಡು ಸೌಂಡು ಪೂರ್ತಿ ಇಳಿಸಿದೆ. ಪರದೆಯ ಮೇಲೆ ಯಾವುದೋ ಎಣ್ಣೆಯಲ್ಲಿ ಪೂರಿ ಉಬ್ಬುತ್ತಿತ್ತು. ಅದನ್ನೇ ನೋಡುತ್ತ ಅಂದೆ: "ನೋಡ್ದಾ ಅವ್ವ, ಆ ಹುಡ್ಗಿ ಗಂಡನ್ ಪಕ್ಕ ಇನ್ಯಾವತ್ತೂ ನಿಂತ್ಕಳಲ್ವಂತೆ. ಅವ್ರವ್ವ, ನೀನೊಬ್ಳೇ ಬಾ ಮಗ್ಳೇ ಅಂದ್ರೆ ಮಾತ್ರ ತಮ್ಮನ್ ಮದ್ವೆಗ್ ಬತ್ತಾಳಂತೆ."

ಕೂತಿದ್ದವರಲ್ಲಿ ಒಬ್ಬಳು ನಕ್ಕಳು. "ಯಾವ್ ಹುಡ್ಗಿ ಅಕ್ಕ? ಇನ್ನೂ ಅಡ್ವಟೈಸೇ ಬತ್ತಾ ಐತಲ್ಲ!"

ಅವ್ವ ನಗಲಿಲ್ಲ. ಯಾವ ಹುಡುಗಿ ಅಂತಲೂ ಕೇಳಲಿಲ್ಲ. ಬಾಣಲೆಯಲ್ಲಿ ಉಬ್ಬುತ್ತಿದ್ದ ಪೂರಿಯನ್ನು ರೆಪ್ಪೆ ಬಡಿಯದೆ ನೋಡಿದಳು. ಆ ಮುಖ ನೋಡಿದಾಗ ನನಗೆ ಗೊತ್ತಾಯಿತು, ಇವಳಿಗೆ ಕಿವಿಯ ವಿಷಯವೂ ಅವತ್ತೇ ಗೊತ್ತಿತ್ತು, ಮೊಣಕೈಯದೂ ಗೊತ್ತಿತ್ತು. ಆಮೇಲೆ ಅವ್ವ ಮೆಲ್ಲಗೆ ನನ್ನ ಕೈಯಿಂದ ರಿಮೋಟು ಬಿಡಿಸಿಕೊಂಡು ಎಣ್ಣೆಯ ಜಾಹೀರಾತಿಗೆ ಸೌಂಡು ಏರಿಸಿದಳು.

ತೋಳಿನ ಅಳತೆ ಇನ್ನೂ ಬಾಕಿಯಿತ್ತು. ಕೈ ಎತ್ತು ಅಂದೆ. ಎತ್ತಿದಳು.